ಹೆರಿಗೆಯ ಒತ್ತಡ ಮಗುವಿಗೆ ಹಾನಿಯೇ, ಸಿದ್ಧತೆಯೇ?

ಪ್ರಶ್ನೆ: ನನ್ನ ಮಗುವಿಗೆ ಈಗ ಐದು ವಾರ. ದಿನ ತುಂಬಿದ ಮೇಲೆ, ಹದಿನಾಲ್ಕು ಗಂಟೆ ನೋವು ತಿಂದು ಸಹಜ ಹೆರಿಗೆಯಾಯಿತು. ಕೊನೆಯ ಹಂತದಲ್ಲಿ ನೋವು ಬಂದಾಗಲೆಲ್ಲ ಮಗುವಿನ ಹೃದಯಬಡಿತ 90ರವರೆಗೆ ಇಳಿದು ಮತ್ತೆ ಏರುತ್ತಿತ್ತು. ಹುಟ್ಟಿದಾಗ ಕೊರಳಿಗೆ ಹೊಕ್ಕುಳಬಳ್ಳಿ ಒಂದು ಸುತ್ತು ಸುತ್ತಿಕೊಂಡಿತ್ತು, ಮೈ ಒರೆಸಿ ಬೆನ್ನು ಉಜ್ಜಿದ ಮೇಲೆಯೇ ಅತ್ತಿತು. ಡಿಸ್ಚಾರ್ಜ್ ಚೀಟಿಯಲ್ಲಿ ‘ಫೀಟಲ್ ಡಿಸ್ಟ್ರೆಸ್’ (ಗರ್ಭಸ್ಥ ಮಗುವಿನ ಸಂಕಟ) ಎಂದು ಬರೆದು, ಆಪ್ಗಾರ್ ಅಂಕ 6 ಮತ್ತು 9, ಹೊಕ್ಕುಳಬಳ್ಳಿಯ ಅಪಧಮನಿಯ ರಕ್ತದ ಪಿಎಚ್ 7.18 ಎಂದು ನಮೂದಿಸಿದ್ದಾರೆ. ಅದೇ ದಿನ ಮಗು ಎದೆಹಾಲು ಕುಡಿಯಿತು. ಆದರೂ ‘ಹುಟ್ಟುವಾಗ ಬಹಳ ಒತ್ತಡವಾಗಿದೆ, ಮುಂದೆ ಬುದ್ಧಿ ಬೆಳವಣಿಗೆಗೆ ತೊಂದರೆ ಆಗಬಹುದು’ ಎಂದು ಹತ್ತಿರದವರು ಹೇಳುತ್ತಾರೆ. ನನ್ನ ಅಕ್ಕನಿಗೆ ನೋವು ಶುರುವಾಗುವ ಮೊದಲೇ, 37ನೇ ವಾರದಲ್ಲಿ, ದಿನ ಗೊತ್ತುಮಾಡಿ ಸಿಸೇರಿಯನ್ ಮಾಡಿದರು. ಅವಳ ಮಗುವಿಗೆ ಯಾವ ಒತ್ತಡವೂ ಆಗಲಿಲ್ಲ, ಆದರೂ ಎರಡು ದಿನ ಉಸಿರಾಟದ ತೊಂದರೆಯಿಂದ ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುನಲ್ಲಿತ್ತು. ಇದು ಹೇಗೆ? ಹೆರಿಗೆಯ ವೇಳೆ ನಾನು ಬಹಳ ಹೆದರಿ ಅತ್ತಿದ್ದೆ, ಅದರಿಂದಲೂ ಮಗುವಿಗೆ ಕೆಡುಕಾಗಿರಬಹುದೇ?

ಉತ್ತರ: ಚೀಟಿಯಲ್ಲಿರುವ ವಿವರಗಳ ಆಧಾರದ ಮೇಲೆ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮಗು ಹೆರಿಗೆಯ ಒತ್ತಡವನ್ನು ಚೆನ್ನಾಗಿಯೇ ನಿಭಾಯಿಸಿದೆ, ಅದರ ಮಿದುಳಿಗೆ ಪೆಟ್ಟಾಗಿದೆ ಎಂದು ಶಂಕಿಸಲು ನೀವು ಬರೆದಿರುವುದರಲ್ಲಿ ಏನೂ ಇಲ್ಲ. ಅಕ್ಕನ ಮಗುವಿನ ವಿಷಯವನ್ನೂ ಅದೇ ಪತ್ರದಲ್ಲಿ ಬರೆದದ್ದು ಒಳ್ಳೆಯದಾಯಿತು. ಒತ್ತಡಕ್ಕೆ ಒಳಗಾದ ಮಗು ಹುಟ್ಟಿದ ದಿನವೇ ಹಾಲು ಕುಡಿಯಿತು, ಒತ್ತಡವೇ ಕಾಣದ ಮಗು ಉಸಿರಿಗೆ ಕಷ್ಟಪಟ್ಟಿತು ಎಂಬುದು ನಿಮಗೆ ಒಗಟಾಗಿ ಕಂಡಿದೆ. ಹುಟ್ಟುವ ಹೊತ್ತಿನಲ್ಲಿ ಮಗುವಿನ ದೇಹದೊಳಗೆ ಏನು ನಡೆಯುತ್ತದೆ ಎಂದು ತಿಳಿದರೆ ಈ ಒಗಟು ಬಿಡಿಸಿಕೊಳ್ಳುತ್ತದೆ.

ತೊಡಕು ಇರುವುದು ‘ಒತ್ತಡ’ ಎಂಬ ಪದದಲ್ಲಿ. ದೇಹವು ಒಂದು ಸವಾಲಿಗೆ ಕೊಡುವ ಪ್ರತಿಕ್ರಿಯೆಯನ್ನೂ ಒತ್ತಡ ಎನ್ನುತ್ತೇವೆ, ಸವಾಲು ಮಿತಿಮೀರಿದಾಗ ಆಗುವ ಹಾನಿಯನ್ನೂ ಒತ್ತಡ ಎನ್ನುತ್ತೇವೆ. ಹುಟ್ಟುವ ಪ್ರತಿಯೊಂದು ಮಗುವಿನಲ್ಲೂ ಮೊದಲನೆಯದು ಇರುತ್ತದೆ, ಇರಲೇಬೇಕು. ಎರಡನೆಯದು ಕೆಲವೇ ಮಕ್ಕಳಲ್ಲಿ ಆಗುತ್ತದೆ. ‘ಫೀಟಲ್ ಡಿಸ್ಟ್ರೆಸ್’ ಎಂಬ ಎರಡು ಪದಗಳು ಇವೆರಡನ್ನೂ ಒಂದೇ ಚೀಲಕ್ಕೆ ತುಂಬಿಬಿಡುತ್ತವೆ. ಹೃದಯಬಡಿತದ ಏರಿಳಿತ ಕಂಡಾಗ ಎಚ್ಚರ ವಹಿಸಬೇಕಾಯಿತು ಎಂಬಷ್ಟೇ ಅರ್ಥದಲ್ಲಿ ವೈದ್ಯರು ಅದನ್ನು ಬರೆದಿರುತ್ತಾರೆ, ಆದರೆ ಮನೆಗೆ ಹೋಗಿ ಓದಿದ ತಾಯಿಗೆ ಮಗು ನರಳಿತು ಎಂದೇ ಅನ್ನಿಸುತ್ತದೆ. ಆ ಪದವನ್ನು ಚೀಟಿಯಲ್ಲಿ ಬಳಸುವುದನ್ನೇ ಬಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಗರ್ಭದಲ್ಲಿರುವ ಮಗುವಿಗೆ ಆಮ್ಲಜನಕ ಬರುವುದು ತಾಯಿಯ ರಕ್ತದಿಂದ, ಮಾಸಿನ ಮೂಲಕ. ಗರ್ಭಕೋಶ ಸಂಕುಚಿಸಿದಾಗಲೆಲ್ಲ ಮಾಸಿಗೆ ಹರಿಯುವ ರಕ್ತ ಸ್ವಲ್ಪ ಹೊತ್ತು ತಗ್ಗುತ್ತದೆ, ನೋವು ಇಳಿದ ಮೇಲೆ ಮತ್ತೆ ತುಂಬಿ ಬರುತ್ತದೆ. ಗಂಟೆಗಟ್ಟಲೆ ನಡೆಯುವ ಈ ಏರಿಳಿತ ಮತ್ತು ತಲೆಯ ಮೇಲೆ ಬೀಳುವ ಒತ್ತು, ಇವೆರಡಕ್ಕೂ ಮಗುವಿನ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಪ್ರತಿಕ್ರಿಯಿಸಿ ಅಡ್ರಿನಲಿನ್ ಮತ್ತು ನಾರ್‌ಅಡ್ರಿನಲಿನ್ ಹಾರ್ಮೋನುಗಳನ್ನು ರಕ್ತಕ್ಕೆ ಸುರಿಸುತ್ತವೆ. ಸಹಜ ಹೆರಿಗೆಯಲ್ಲಿ ಹುಟ್ಟಿದ, ಪೂರ್ಣ ಆರೋಗ್ಯವಂತ ಮಗುವಿನ ಹೊಕ್ಕುಳಬಳ್ಳಿಯ ರಕ್ತದಲ್ಲಿ ಇವುಗಳ ಪ್ರಮಾಣ ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ಇರುವುದಕ್ಕಿಂತ ಅನೇಕ ಪಟ್ಟು ಹೆಚ್ಚಿರುತ್ತದೆ. ನೋವು ಶುರುವಾಗುವ ಮೊದಲೇ ಸಿಸೇರಿಯನ್ ಮೂಲಕ ಹೊರಬಂದ ಮಗುವಿನಲ್ಲಿ ಅದು ಗಣನೀಯವಾಗಿ ಕಡಿಮೆ. ಸ್ವೀಡನ್ನಿನ ಹ್ಯೂಗೊ ಲಾಗರ್‌ಕ್ರಾಂಟ್ಸ್ ಮತ್ತು ಅಮೆರಿಕದ ಥಿಯೋಡೋರ್ ಸ್ಲಾಟ್ಕಿನ್ 1986ರಲ್ಲಿ ಈ ಅಂಶಗಳನ್ನು ಒಟ್ಟುಗೂಡಿಸಿ, ಈ ಹಾರ್ಮೋನುಗಳ ಏರಿಕೆ ಮಗು ಗರ್ಭದ ಹೊರಗೆ ಬದುಕುವುದಕ್ಕೆ ಮಾಡಿಕೊಳ್ಳುವ ಸಿದ್ಧತೆ ಎಂದು ವಾದಿಸಿದರು. ಅಲ್ಲಿಂದೀಚೆಗೆ ನಡೆದ ಅಧ್ಯಯನಗಳು ಮುಖ್ಯವಾಗಿ ಅದೇ ದಿಕ್ಕಿನಲ್ಲಿವೆ.

ಇಲ್ಲಿ ವಯಸ್ಕರ ದೇಹಕ್ಕೂ ಮಗುವಿನ ದೇಹಕ್ಕೂ ಇರುವ ಒಂದು ವ್ಯತ್ಯಾಸವನ್ನು ವಿವರಿಸಬೇಕು, ಏಕೆಂದರೆ ನಿಮ್ಮನ್ನು ಹೆದರಿಸಿದ ‘90’ ಎಂಬ ಅಂಕಿಯ ಅರ್ಥ ಅದರಲ್ಲಿದೆ. ಭಯವಾದಾಗ ನಮ್ಮ ಎದೆ ಡವಡವ ಹೊಡೆದುಕೊಳ್ಳುತ್ತದೆ. ನಮ್ಮಲ್ಲಿ ಹೊಮ್ಮುವುದು ಮುಖ್ಯವಾಗಿ ಅಡ್ರಿನಲಿನ್, ಅದು ಹೃದಯವನ್ನು ಓಡಿಸಿ ಸ್ನಾಯುಗಳಿಗೆ ರಕ್ತ ಕಳಿಸುತ್ತದೆ. ಮಗುವಿನಲ್ಲಿ ಮೇಲುಗೈ ನಾರ್‌ಅಡ್ರಿನಲಿನ್‌ನದು. ಓಡಿಹೋಗುವ ಕೆಲಸ ಮಗುವಿಗಿಲ್ಲ, ಇರುವ ಆಮ್ಲಜನಕವನ್ನು ಕಾಪಾಡಿಕೊಳ್ಳುವ ಕೆಲಸವಿದೆ. ಆದ್ದರಿಂದ ಆಮ್ಲಜನಕ ತಗ್ಗಿದಾಗ ಚರ್ಮ, ಕರುಳು, ಕೈಕಾಲುಗಳ ರಕ್ತನಾಳಗಳು ಬಿಗಿದುಕೊಳ್ಳುತ್ತವೆ, ಹೃದಯ, ಮಿದುಳು ಮತ್ತು ಅಡ್ರಿನಲ್ ಗ್ರಂಥಿಗಳಿಗೆ ರಕ್ತದ ಹರಿವು ಹೆಚ್ಚುತ್ತದೆ, ಮಿದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರದ ಮೂಲಕ ಹೃದಯಬಡಿತ ನಿಧಾನವಾಗಿ ಹೃದಯದ ಖರ್ಚೂ ತಗ್ಗುತ್ತದೆ. ನೀರಿನಲ್ಲಿ ಮುಳುಗಿದ ಸೀಲ್ ಪ್ರಾಣಿ ಮಾಡುವುದೂ ಇದನ್ನೇ. ಗರ್ಭದಲ್ಲಿ ನಿಮಿಷಕ್ಕೆ 110ರಿಂದ 160 ಇರುವ ಬಡಿತ ನೋವಿನ ಅಲೆಯ ಜೊತೆಗೆ ಇಳಿದು, ಅಲೆ ಸರಿದೊಡನೆ ಮೊದಲಿನ ಮಟ್ಟಕ್ಕೆ ಏರಿದರೆ, ಈ ರಕ್ಷಣೆ ಸರಿಯಾಗಿ ನಡೆಯುತ್ತಿದೆ ಎಂದೇ ಸಾಮಾನ್ಯವಾಗಿ ಅರ್ಥ. ಇಳಿದ ಬಡಿತ ಏರದಿದ್ದರೆ, ಅಥವಾ ಏರಿದರೂ ಬಡಿತ ದಾಖಲಿಸುವ ಯಂತ್ರದ ಗೆರೆ ಏರಿಳಿತವಿಲ್ಲದೆ ಚಪ್ಪಟೆಯಾಗಿ ಸಾಗಿದರೆ ನಾವು ಕಾಯುವುದಿಲ್ಲ.

ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ಇನ್ನೊಂದು ವಿಷಯ ತಿಳಿದುಬಂದಿದೆ. ವಯಸ್ಕರಲ್ಲಿ ಅಡ್ರಿನಲ್ ಗ್ರಂಥಿ ಈ ಹಾರ್ಮೋನುಗಳನ್ನು ಬಿಡಬೇಕಾದರೆ ನರದ ಮೂಲಕ ಅಪ್ಪಣೆ ಬರಬೇಕು. ಹುಟ್ಟುವ ಮುನ್ನ ಆ ನರಗಳು ಇನ್ನೂ ಪಕ್ವವಾಗಿರುವುದಿಲ್ಲ. ಗ್ರಂಥಿಯ ಕೋಶಗಳೇ ರಕ್ತದಲ್ಲಿ ಆಮ್ಲಜನಕ ತಗ್ಗಿದ್ದನ್ನು ಗುರುತಿಸಿ ನೇರವಾಗಿ ಹಾರ್ಮೋನು ಬಿಡುತ್ತವೆ. ಹುಟ್ಟಿದ ಮೇಲೆ ನರಗಳು ಬಲಿತಂತೆ ಈ ನೇರ ಶಕ್ತಿ ಮರೆಯಾಗುತ್ತದೆ. ಜೀವನದಲ್ಲಿ ಒಮ್ಮೆ ಮಾತ್ರ ಬೇಕಾಗುವ ಈ ಏರ್ಪಾಡಿನ ಬಗ್ಗೆ ಎಷ್ಟು ಸಲ ಓದಿದರೂ ನನಗೆ ಬೆರಗು ತಗ್ಗಿಲ್ಲ.

ಈಗ ನಿಮ್ಮ ಅಕ್ಕನ ಮಗುವಿನ ಶ್ವಾಸಕೋಶಕ್ಕೆ ಬರೋಣ. ಗರ್ಭದಲ್ಲಿ ಶ್ವಾಸಕೋಶಗಳ ತುಂಬ ದ್ರವ ಇರುತ್ತದೆ. ಅದು ಹೊರಗಿನಿಂದ ನುಂಗಿದ ಗರ್ಭಜಲವಲ್ಲ, ಶ್ವಾಸಕೋಶದ ಒಳಪದರವೇ ಸ್ರವಿಸಿದ್ದು, ಶ್ವಾಸಕೋಶ ಬೆಳೆಯಲು ಅಗತ್ಯವಾದದ್ದು. ಆದರೆ ಮಗು ಮೊದಲ ಉಸಿರು ಎಳೆಯುವ ಹೊತ್ತಿಗೆ ಆ ಜಾಗ ಗಾಳಿಗೆ ತೆರವಾಗಬೇಕು. ಹೆರಿಗೆಯ ದಾರಿಯಲ್ಲಿ ಎದೆ ಹಿಂಡಿಕೊಂಡು ನೀರು ಹೊರಗೆ ಬರುತ್ತದೆ ಎಂದು ಬಹುಕಾಲ ನಂಬಲಾಗಿತ್ತು. ಹಾಗೆ ಹೊರಬರುವುದು ಸ್ವಲ್ಪ ಭಾಗ ಮಾತ್ರ. ನೋವು ಶುರುವಾದ ಮೇಲೆ ರಕ್ತದಲ್ಲಿ ಏರುವ ಅಡ್ರಿನಲಿನ್ ಶ್ವಾಸಕೋಶದ ಒಳಪದರಕ್ಕೆ ಹೊಸ ಕೆಲಸ ಹೇಳುತ್ತದೆ. ಅಲ್ಲಿಯವರೆಗೆ ದ್ರವ ಸ್ರವಿಸುತ್ತಿದ್ದ ಕೋಶಗಳು ಸೋಡಿಯಂ ಲವಣವನ್ನು ಒಳಗೆ ಎಳೆದುಕೊಳ್ಳತೊಡಗುತ್ತವೆ, ಲವಣದ ಹಿಂದೆ ನೀರು ಹೋಗುತ್ತದೆ, ಗಾಳಿಗೂಡುಗಳು ಖಾಲಿಯಾಗುತ್ತವೆ. ಹುಟ್ಟಿದ ಮೇಲೆ ಮಗು ಎಳೆಯುವ ಆಳವಾದ ಉಸಿರುಗಳು ಉಳಿದದ್ದನ್ನು ಸುತ್ತಲಿನ ಅಂಗಾಂಶಕ್ಕೆ ನೂಕುತ್ತವೆ. ಗಾಳಿಗೂಡುಗಳು ಉಸಿರು ಬಿಟ್ಟಾಗ ಮುದುಡಿಕೊಳ್ಳದಂತೆ ಕಾಯುವ ಸರ್ಫ್ಯಾಕ್ಟಂಟ್ ಎಂಬ ಜಿಡ್ಡಿನಂಥ ವಸ್ತುವೂ ಇದೇ ಹಾರ್ಮೋನುಗಳ ಪ್ರಭಾವದಿಂದ ಹೆಚ್ಚಾಗಿ ಬಿಡುಗಡೆಯಾಗುತ್ತದೆ.

ನೋವು ಬಾರದೆ ಹೊರತೆಗೆದ ಮಗುವಿಗೆ ಈ ಸೂಚನೆ ಸಾಕಷ್ಟು ಬಂದಿರುವುದಿಲ್ಲ. ಶ್ವಾಸಕೋಶದಲ್ಲಿ ನೀರು ಉಳಿದು ಮಗು ನಿಮಿಷಕ್ಕೆ 60ಕ್ಕಿಂತ ಹೆಚ್ಚು ಸಲ, ಪಕ್ಕೆ ಎಳೆಯುತ್ತ, ನರಳುತ್ತ ಉಸಿರಾಡುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ದಿನಗಳಲ್ಲಿ ಆ ನೀರು ತಾನಾಗಿ ಹೀರಿಕೊಂಡು ಹೋಗುತ್ತದೆ, ಅಲ್ಲಿಯವರೆಗೆ ಆಮ್ಲಜನಕ ಮತ್ತು ಉಸಿರಾಟದ ಆಸರೆ ಸಾಕು. ನೀವು ಬರೆದದ್ದನ್ನು ನೋಡಿದರೆ ಅಕ್ಕನ ಮಗುವಿಗೆ ಆದದ್ದು ಬಹುಮಟ್ಟಿಗೆ ಇದೇ. 37ನೇ ವಾರದಲ್ಲಿ ಈ ಸಂಭವ ಹೆಚ್ಚು, 38ರಲ್ಲಿ ಕಡಿಮೆ, 39 ತುಂಬಿದ ಮೇಲೆ ಇನ್ನೂ ಕಡಿಮೆ. ಹಾಗಾಗಿಯೇ ಬೇರೆ ಅಪಾಯವಿಲ್ಲದಿದ್ದರೆ ದಿನ ಗೊತ್ತುಮಾಡುವ ಸಿಸೇರಿಯನ್ ಅನ್ನು 39 ವಾರ ತುಂಬುವವರೆಗೆ ಮಾಡಬಾರದು ಎಂಬ ಸಲಹೆ ಇರುವುದು. ಇದು ಸಿಸೇರಿಯನ್ ವಿರುದ್ಧದ ಮಾತಲ್ಲ. ಅಗತ್ಯವಿದ್ದಾಗ ಅದು ತಾಯಿ ಮಗು ಇಬ್ಬರ ಜೀವವನ್ನೂ ಉಳಿಸುತ್ತದೆ, ಮತ್ತು ನೋವು ಶುರುವಾದ ಮೇಲೆ ಮಾಡುವ ಸಿಸೇರಿಯನ್‌ನಲ್ಲಿ ಮಗುವಿಗೆ ಈ ಹಾರ್ಮೋನುಗಳ ಲಾಭ ಒಂದಷ್ಟು ಸಿಕ್ಕೇ ಇರುತ್ತದೆ.

ಕಾರ್ಟಿಸಾಲ್ ಎಂಬ ಇನ್ನೊಂದು ಒತ್ತಡದ ಹಾರ್ಮೋನು ಅವಸರದ್ದಲ್ಲ, ವಾರಗಳ ಲೆಕ್ಕದಲ್ಲಿ ಕೆಲಸ ಮಾಡುವಂಥದ್ದು. ಗರ್ಭದ ಕೊನೆಯ ವಾರಗಳಲ್ಲಿ ಅದು ಮಗುವಿನ ರಕ್ತದಲ್ಲಿ ಏರುತ್ತ ಬಂದು ನೋವಿನ ಹೊತ್ತಿಗೆ ಇನ್ನಷ್ಟು ಹೆಚ್ಚುತ್ತದೆ. ಶ್ವಾಸಕೋಶ, ಪಿತ್ತಜನಕಾಂಗ, ಕರುಳು ಪಕ್ವವಾಗುವುದಕ್ಕೆ ಅದರ ನೆರವು ಬೇಕು. ನ್ಯೂಜಿಲೆಂಡಿನ ಗ್ರಹಾಂ ಲಿಗ್ಗಿನ್ಸ್ ಕುರಿಗಳ ಮೇಲೆ ಪ್ರಯೋಗ ನಡೆಸುತ್ತಿದ್ದಾಗ, ಈ ಗುಂಪಿನ ಔಷಧಿ ಪಡೆದು ತೀರ ಮುಂಚೆ ಹುಟ್ಟಿದ ಕುರಿಮರಿಗಳು ನಿರೀಕ್ಷೆಗೆ ಮೀರಿ ಉಸಿರಾಡಿದ್ದನ್ನು ಗಮನಿಸಿದರು. 1972ರಲ್ಲಿ ಅವರು ಮತ್ತು ಮಕ್ಕಳ ವೈದ್ಯ ರಾಸ್ ಹೋವಿ, ಅವಧಿಗೆ ಮುನ್ನ ಹೆರಿಗೆಯಾಗುವ ಸಂಭವವಿದ್ದ ತಾಯಂದಿರಿಗೆ ಬೀಟಾಮೆಥಸೋನ್ ಚುಚ್ಚುಮದ್ದು ಕೊಟ್ಟು, ಹುಟ್ಟಿದ ಮಕ್ಕಳಲ್ಲಿ ಉಸಿರಾಟದ ತೊಂದರೆ ಕಡಿಮೆಯಾದುದನ್ನು ಪ್ರಕಟಿಸಿದರು. ಇಂದು ಅವಧಿಪೂರ್ವ ಹೆರಿಗೆಯ ಮುನ್ನ ಕೊಡುವ ಆ ಚುಚ್ಚುಮದ್ದು, ಮಗುವಿನ ದೇಹ ತಾನೇ ಮಾಡಿಕೊಳ್ಳಬೇಕಿದ್ದ ಸಿದ್ಧತೆಯನ್ನು ಹೊರಗಿನಿಂದ ಮಾಡಿಕೊಡುವ ಉಪಾಯ.

ಹೆರಿಗೆ ಕೊಠಡಿಯಲ್ಲಿ ಈ ಹಾರ್ಮೋನುಗಳ ಕೆಲಸವನ್ನು ಕಣ್ಣಾರೆ ನೋಡಬಹುದು. ಆಗತಾನೆ ಹುಟ್ಟಿದ ಮಗುವಿನ ಬಲ ಮಣಿಕಟ್ಟಿಗೆ ಆಮ್ಲಜನಕ ಅಳೆಯುವ ಪಟ್ಟಿ ಸುತ್ತಿದರೆ ಮೊದಲ ನಿಮಿಷದಲ್ಲಿ ಯಂತ್ರ ತೋರಿಸುವುದು ಶೇಕಡ 60ರಿಂದ 65 ಮಾತ್ರ. ವಯಸ್ಕರಲ್ಲಿ ಈ ಅಂಕಿ ಕಂಡರೆ ಎಲ್ಲರೂ ಓಡಿಬರುತ್ತಾರೆ, ಇಲ್ಲಿ ನಾವು ಸುಮ್ಮನೆ ನೋಡುತ್ತ ನಿಲ್ಲುತ್ತೇವೆ. ಮೂರನೇ ನಿಮಿಷಕ್ಕೆ 70 ದಾಟುತ್ತದೆ, ಐದಕ್ಕೆ 80, ಹತ್ತನೇ ನಿಮಿಷದ ಹೊತ್ತಿಗೆ 85ರಿಂದ 95. ಅಷ್ಟರಲ್ಲಿ ಎದೆ ಹೊಟ್ಟೆ ಕೆಂಪಗಾಗಿರುತ್ತವೆ, ಅಂಗೈ ಅಂಗಾಲು ಇನ್ನೂ ನೀಲಿಯಾಗಿರುತ್ತವೆ, ಏಕೆಂದರೆ ಅಲ್ಲಿನ ರಕ್ತನಾಳಗಳು ಇನ್ನೂ ಬಿಗಿದೇ ಇವೆ. ತಾಯಿಯ ಎದೆಯ ಮೇಲೆ ಮಲಗಿಸಿದ ಮಗು ಅಳು ನಿಲ್ಲಿಸಿ, ಕಣ್ಣು ಅಗಲ ತೆರೆದು, ದೊಡ್ಡದಾಗಿ ಅರಳಿದ ಕಣ್ಣಪಾಪೆಗಳಿಂದ ಎವೆಯಿಕ್ಕದೆ ಮುಖ ನೋಡುತ್ತದೆ. ಆ ಎಚ್ಚರವೂ ನಾರ್‌ಅಡ್ರಿನಲಿನ್‌ನ ಕೊಡುಗೆಯೇ ಎಂದು ತಿಳಿಯಲಾಗಿದೆ. ಸುಮಾರು ಒಂದು ಗಂಟೆ ಹಾಗಿದ್ದು ಮಗು ಗಾಢ ನಿದ್ದೆಗೆ ಜಾರುತ್ತದೆ. ಮುಂದಿನ ಕೆಲವು ದಿನಗಳಲ್ಲಿ ಮಗು ಇಷ್ಟು ಹೊತ್ತು ಒಂದೇ ಸಮನೆ ಎಚ್ಚರವಾಗಿರುವುದನ್ನು ತಾಯಂದಿರು ಕಾಣುವುದು ಅಪರೂಪ. ಮೊದಲ ಹಾಲೂಡಿಕೆಗೆ ಇದಕ್ಕಿಂತ ಒಳ್ಳೆಯ ಗಳಿಗೆ ಇಲ್ಲ.

ಕಣ್ಣಿಗೆ ಕಾಣದ ಬದಲಾವಣೆಗಳೂ ಜೊತೆಗೇ ನಡೆಯುತ್ತವೆ. ಬೆನ್ನಿನ ಮೇಲ್ಭಾಗ, ಕತ್ತು, ಮೂತ್ರಪಿಂಡಗಳ ಸುತ್ತ ಇರುವ ಕಂದು ಕೊಬ್ಬು ನಾರ್‌ಅಡ್ರಿನಲಿನ್ ಸೂಚನೆಯಿಂದ ಉರಿದು ಶಾಖ ಕೊಡುತ್ತದೆ, ಏಕೆಂದರೆ ಮಗುವಿಗೆ ನಮ್ಮಂತೆ ನಡುಗಿ ಮೈ ಕಾಯಿಸಿಕೊಳ್ಳಲು ಬಾರದು. ಹೊಕ್ಕುಳಬಳ್ಳಿ ಕತ್ತರಿಸಿದೊಡನೆ ತಾಯಿಯಿಂದ ಬರುತ್ತಿದ್ದ ಸಕ್ಕರೆ ನಿಲ್ಲುತ್ತದೆ. ರಕ್ತದ ಸಕ್ಕರೆ ಒಂದೆರಡು ಗಂಟೆಗಳಲ್ಲಿ ಅತಿ ಕೆಳಗಿನ ಮಟ್ಟ ಮುಟ್ಟಿ, ಪಿತ್ತಜನಕಾಂಗದ ದಾಸ್ತಾನು ಕರಗಿದಂತೆ ಮೇಲೇರುತ್ತದೆ. ಥೈರಾಯ್ಡ್ ಗ್ರಂಥಿಯನ್ನು ಪ್ರಚೋದಿಸುವ ಟಿಎಸ್‌ಎಚ್ ಮೊದಲ ಅರ್ಧ ಗಂಟೆಯಲ್ಲಿ ಎಷ್ಟು ಏರುತ್ತದೆ ಎಂದರೆ, ಆಗ ಪರೀಕ್ಷೆ ಮಾಡಿದರೆ ಆರೋಗ್ಯವಂತ ಮಗುವೂ ಥೈರಾಯ್ಡ್ ರೋಗಿಯಂತೆ ಕಂಡೀತು. ಆ ಪರೀಕ್ಷೆಗೆ ಎರಡು ಮೂರು ದಿನ ಕಾಯುವುದು ಅದಕ್ಕೇ.

ಹಾಗಾದರೆ ಒತ್ತಡ ಯಾವಾಗ ಹಾನಿಯಾಗುತ್ತದೆ? ಆಮ್ಲಜನಕದ ಕೊರತೆ ತೀವ್ರವಾಗಿ, ಬಹಳ ಹೊತ್ತು ಮುಂದುವರಿದು, ಮೇಲೆ ಹೇಳಿದ ರಕ್ಷಣೆಗಳೆಲ್ಲ ಸೋತಾಗ. ಮಾಸು ಹೆರಿಗೆಗೆ ಮೊದಲೇ ಕಳಚಿಕೊಳ್ಳುವುದು, ಹೊಕ್ಕುಳಬಳ್ಳಿ ಮಗುವಿಗಿಂತ ಮುಂಚೆ ಜಾರಿ ಒತ್ತಿಕೊಳ್ಳುವುದು, ಗರ್ಭಕೋಶ ಸೀಳುವುದು ಇಂಥ ಸಂದರ್ಭಗಳು. ಆಗ ಹೃದಯಕ್ಕೇ ಬಲ ಸಾಲದೆ ರಕ್ತದೊತ್ತಡ ಕುಸಿದು ಮಿದುಳಿಗೆ ರಕ್ತ ತಲುಪುವುದಿಲ್ಲ. ಇಂಥ ಮಗುವಿನಲ್ಲಿ ಹುಟ್ಟಿದ ಮೇಲೆ ಲಕ್ಷಣಗಳು ಬೇಗನೆ ಕಾಣುತ್ತವೆ. ಮೈ ಬಟ್ಟೆಯಂತೆ ಜೋತುಬಿದ್ದಿರುತ್ತದೆ, ಉಸಿರಾಟಕ್ಕೆ ದೀರ್ಘ ನೆರವು ಬೇಕಾಗುತ್ತದೆ, ಹಾಲು ಚೀಪಲಾಗದು, ಮೊದಲ ಒಂದೆರಡು ದಿನಗಳಲ್ಲೇ ಫಿಟ್ಸ್ ಬರಬಹುದು. ಹೆರಿಗೆಯಲ್ಲಿ ಮಿದುಳಿಗೆ ಆದ ಪೆಟ್ಟು ಯಾವ ಲಕ್ಷಣವನ್ನೂ ತೋರದೆ, ಚೆನ್ನಾಗಿ ಹಾಲು ಕುಡಿಯುತ್ತಿದ್ದ ಮಗುವಿನಲ್ಲಿ ವರ್ಷಗಳ ನಂತರ ಹಠಾತ್ತನೆ ತಲೆದೋರುವುದಿಲ್ಲ. ಹತ್ತಿರದವರು ಹೆದರಿಸಿದಾಗ ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಿ. ನಿಜವಾಗಿ ಪೆಟ್ಟಾದ, ದಿನ ತುಂಬಿದ ಮಕ್ಕಳಿಗೆ ಹುಟ್ಟಿದ ಆರು ಗಂಟೆಯೊಳಗೆ ಶುರುಮಾಡಿ 72 ಗಂಟೆಗಳ ಕಾಲ ದೇಹವನ್ನು ಸುಮಾರು 33.5 ಡಿಗ್ರಿ ಸೆಲ್ಸಿಯಸ್‌ಗೆ ತಂಪುಮಾಡುವ ಚಿಕಿತ್ಸೆ, ಅದಕ್ಕೆ ಸೌಲಭ್ಯವಿರುವ ಕಡೆ, ಇದೆ. ನಿಮ್ಮ ಮಗುವಿಗೆ ಅದು ಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ನಿಮ್ಮ ಚೀಟಿಯ ಅಂಕಿಗಳನ್ನು ಒಂದೊಂದಾಗಿ ನೋಡೋಣ. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿರುವುದು ನಾಲ್ಕೈದು ಹೆರಿಗೆಗಳಲ್ಲಿ ಒಂದರಲ್ಲಿ ಕಾಣುವಂಥದ್ದು, ಬಹುತೇಕ ಏನೂ ಮಾಡುವುದಿಲ್ಲ. ಆಪ್ಗಾರ್ ಅಂಕವನ್ನು ಅಮೆರಿಕದ ಅರಿವಳಿಕೆ ತಜ್ಞೆ ವರ್ಜೀನಿಯಾ ಆಪ್ಗಾರ್ 1950ರ ದಶಕದ ಆರಂಭದಲ್ಲಿ ರೂಪಿಸಿದ್ದು, ಆ ಕ್ಷಣದಲ್ಲಿ ಮಗುವಿಗೆ ನೆರವು ಬೇಕೇ ಎಂದು ಬೇಗ ಅಳೆಯಲು. ಮುಂದಿನ ಬುದ್ಧಿಶಕ್ತಿಯನ್ನು ಹೇಳುವುದಕ್ಕಲ್ಲ. ಹತ್ತಕ್ಕೆ ಕೊಡುವ ಈ ಅಂಕ ಮೊದಲ ನಿಮಿಷದಲ್ಲಿ 6 ಇದ್ದು ಐದನೇ ನಿಮಿಷಕ್ಕೆ 9 ಆಗಿರುವುದು ಮಗು ಬೇಗ ಚೇತರಿಸಿಕೊಂಡಿತು ಎಂಬುದಕ್ಕೆ ಸಾಕ್ಷಿ. ಪಿಎಚ್ ಎಂದರೆ ರಕ್ತದ ಆಮ್ಲೀಯತೆಯ ಅಳತೆ, ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು. ಹೊಕ್ಕುಳಬಳ್ಳಿಯ ಅಪಧಮನಿಯ ಪಿಎಚ್ ಸರಾಸರಿ 7.27ರ ಆಸುಪಾಸು ಇರುತ್ತದೆ, ಆತಂಕ ಪಡಬೇಕಾದದ್ದು 7.0ಕ್ಕಿಂತ ಕೆಳಗಿಳಿದಾಗ. 7.18 ಮತ್ತು 7.0 ಹತ್ತಿರದ ಸಂಖ್ಯೆಗಳಂತೆ ಕಂಡರೂ ಈ ಅಳತೆಯ ಲೆಕ್ಕವೇ ಬೇರೆ, 7.0 ಇರುವ ರಕ್ತದಲ್ಲಿ ನಿಮ್ಮ ಮಗುವಿನ ರಕ್ತದಲ್ಲಿ ಇದ್ದುದರ ಒಂದೂವರೆ ಪಟ್ಟು ಆಮ್ಲ ಇರುತ್ತದೆ.

ನೀವು ಹೆದರಿ ಅತ್ತ ವಿಷಯ. ಇದನ್ನು ಕೇಳದ ತಾಯಂದಿರು ಕಡಿಮೆ, ಆದರೆ ಅನೇಕರು ಕೊನೆಗೆ, ಬಾಗಿಲ ಬಳಿ ಹೋಗಿ, ಮೆಲ್ಲಗೆ ಕೇಳುತ್ತಾರೆ. ತಾಯಿಯ ರಕ್ತದ ಕಾರ್ಟಿಸಾಲ್ ಮಗುವಿಗೆ ನೇರವಾಗಿ ಸಾಗುವುದಿಲ್ಲ. ಮಾಸಿನಲ್ಲಿರುವ ಒಂದು ಕಿಣ್ವ ಅದರ ಬಹುಪಾಲನ್ನು ನಿಷ್ಕ್ರಿಯ ರೂಪಕ್ಕೆ ಬದಲಿಸಿಬಿಡುತ್ತದೆ. ತಾಯಿಯ ಅಡ್ರಿನಲಿನ್ ಕೂಡ ಮಾಸಿನಲ್ಲೇ ಹೆಚ್ಚಾಗಿ ಕರಗಿಹೋಗುತ್ತದೆ. ಮಗುವಿನ ರಕ್ತದಲ್ಲಿ ಏರಿದ ಹಾರ್ಮೋನುಗಳನ್ನು ಮಗುವೇ ತಯಾರಿಸಿಕೊಂಡದ್ದು. ಕೆಲವು ಗಂಟೆಗಳ ಭಯ, ಅಳು, ಕೂಗಾಟ ಹೆರಿಗೆಯ ಭಾಗವೇ ಹೊರತು ಮಗುವಿಗೆ ಮಾಡಿದ ಅಪಚಾರವಲ್ಲ. ಹೆರಿಗೆಯ ವೇಳೆ ತಾಯಿಗೆ ಇಷ್ಟವಾದ ಒಬ್ಬರು ಜೊತೆಗಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಮಾಡುತ್ತದೆ. ನಿಮ್ಮ ಭಯದ ಹೊತ್ತಿನಲ್ಲಿ ಯಾರೂ ಕೈ ಹಿಡಿದು ನಿಂತಿರಲಿಲ್ಲವಾದರೆ, ಲೋಪ ನಿಮ್ಮದಲ್ಲ.

ಹುಟ್ಟುವಾಗಿನ ಒತ್ತಡಕ್ಕಿಂತ, ಹುಟ್ಟಿದ ಮೇಲೆ ನಾವು ಅನಗತ್ಯವಾಗಿ ಸೇರಿಸುವ ಒತ್ತಡದ ಬಗ್ಗೆ ನನಗೆ ಹೆಚ್ಚು ಕಾಳಜಿ. ಒದ್ದೆ ಮೈಯಲ್ಲಿ ಬಿಟ್ಟ ಮಗು ತಂಪಾಗುತ್ತದೆ. ಮೈ ಬಿಸಿ 36.5 ಡಿಗ್ರಿಗಿಂತ ಕೆಳಗಿಳಿದರೆ ಸಕ್ಕರೆ ಮತ್ತು ಆಮ್ಲಜನಕ ಎರಡೂ ಶಾಖ ತಯಾರಿಕೆಗೇ ಖರ್ಚಾಗುತ್ತವೆ. ಒರೆಸಿ ತಾಯಿಯ ಬರಿ ಎದೆಯ ಮೇಲೆ ಮಲಗಿಸಿ ಮೇಲೆ ಬೆಚ್ಚನೆಯ ಬಟ್ಟೆ ಹೊದಿಸಿದರೆ ಮಗು ಕಡಿಮೆ ಅಳುತ್ತದೆ, ಮೈ ಬಿಸಿ, ಸಕ್ಕರೆ, ಉಸಿರಾಟ ಬೇಗ ಸ್ಥಿರವಾಗುತ್ತವೆ. ಮೊದಲ ಸ್ನಾನವನ್ನು 24 ಗಂಟೆ ಮುಂದೂಡುವ ಸಲಹೆಯ ಹಿಂದೆಯೂ ಇದೇ ಕಾರಣವಿದೆ. ನೋವಿನ ವಿಷಯವೂ ಹಾಗೆಯೇ. ನವಜಾತ ಶಿಶುವಿಗೆ ನೋವು ಸರಿಯಾಗಿ ತಿಳಿಯುವುದಿಲ್ಲ ಎಂಬ ನಂಬಿಕೆ ವೈದ್ಯರಲ್ಲೇ 1980ರ ದಶಕದವರೆಗೂ ಇತ್ತು, ಶಸ್ತ್ರಚಿಕಿತ್ಸೆಗಳನ್ನೂ ಸಾಕಷ್ಟು ನೋವುಶಮನವಿಲ್ಲದೆ ಮಾಡಿದ್ದುಂಟು. 1987ರಲ್ಲಿ ಕನ್ವಲ್‌ಜೀತ್ ಆನಂದ್ ಮತ್ತು ಸಂಗಡಿಗರು, ಶಸ್ತ್ರಚಿಕಿತ್ಸೆಯ ವೇಳೆ ಪ್ರಬಲ ನೋವುಶಮನ ಪಡೆದ ಅವಧಿಪೂರ್ವ ಶಿಶುಗಳಲ್ಲಿ ಒತ್ತಡದ ಹಾರ್ಮೋನುಗಳ ಏರಿಕೆ ಬಹಳ ಕಡಿಮೆ ಇದ್ದುದನ್ನು ತೋರಿಸಿದ ಮೇಲೆ ಆ ನಂಬಿಕೆ ಕುಸಿಯಿತು. ಈಗ ಹಿಮ್ಮಡಿಯಿಂದ ರಕ್ತ ತೆಗೆಯುವ ಎರಡು ಮೂರು ನಿಮಿಷ ಮೊದಲೇ ಮಗುವನ್ನು ಎದೆಗೆ ಹಚ್ಚಿಸಿದರೆ, ಸೂಜಿ ತಾಗಿದಾಗ ಹುಬ್ಬು ಗಂಟಿಕ್ಕಿ, ಒಂದು ಕ್ಷಣ ಚೀಪುವುದು ನಿಲ್ಲಿಸಿ, ಮತ್ತೆ ಚೀಪತೊಡಗುವುದನ್ನು ನಾವು ದಿನವೂ ನೋಡುತ್ತೇವೆ. ಮುಂದಿನ ಲಸಿಕೆಯ ಹೊತ್ತಿನಲ್ಲಿ ನೀವೂ ಹಾಗೆ ಮಾಡಲು ಕೇಳಿಕೊಳ್ಳಬಹುದು.

ಆರನೇ ವಾರದ ಭೇಟಿಗೆ ಹೋದಾಗ ಆ ಚೀಟಿಯನ್ನು ತೆಗೆದುಕೊಂಡು ಹೋಗಿ. ತಲೆಯ ಸುತ್ತಳತೆ, ತೂಕ, ಮೈಯ ಬಿಗಿತವನ್ನು ನೋಡಲು ಹೇಳಿ, ಶ್ರವಣ ಪರೀಕ್ಷೆ ಆಗಿಲ್ಲದಿದ್ದರೆ ಮಾಡಿಸಿ. ಮಗು ನಿಮ್ಮ ಮುಖವನ್ನು ಕಣ್ಣಿನಿಂದ ಹಿಂಬಾಲಿಸುತ್ತಿದೆಯೇ, ಮಾತಾಡಿಸಿದಾಗ ನಗಲು ಶುರುಮಾಡಿದೆಯೇ ಎಂದು ವೈದ್ಯರು ಕೇಳುತ್ತಾರೆ, ಗಮನಿಸಿಟ್ಟುಕೊಳ್ಳಿ. ನಗು ಎಂಟನೇ ವಾರದವರೆಗೆ ತಡವಾದರೂ ಚಿಂತೆಯಿಲ್ಲ. ಇದಕ್ಕೂ ಮೀರಿದ ವಿಶೇಷ ಪರೀಕ್ಷೆ, ಸ್ಕ್ಯಾನ್ ಯಾವುದೂ, ನೀವು ಕೊಟ್ಟ ವಿವರಗಳ ಮಟ್ಟಿಗೆ, ನಿಮ್ಮ ಮಗುವಿಗೆ ಬೇಕಿಲ್ಲ.